ಆ ಪ್ರಶ್ನೆ ಕೇಳಲು ಕಲಿತ ಶನಿವಾರಗಳು

ಜೂನ್ ತಿಂಗಳ ಮೊದಲ ವಾರ ಹೊಸ ಹಾಜರಿ ಪುಸ್ತಕಕ್ಕೆ ಹೆಸರು ಇಳಿಸುವುದು ಕ್ಲಾಸ್ ಟೀಚರ್‌ಗಳ ಕೆಲಸ. ಒಂಬತ್ತನೇ ತರಗತಿಯ ಹಳೇ ಪುಸ್ತಕ ಎಡಕ್ಕೆ, ಹತ್ತನೇ ತರಗತಿಯ ಹೊಸ ಪುಸ್ತಕ ಬಲಕ್ಕೆ ಇಟ್ಟುಕೊಂಡು, ಸ್ಕೇಲು ಹಿಡಿದು ಒಂದೊಂದೇ ಹೆಸರು ಬರೆಯುತ್ತಾ ಹೋಗಬೇಕು. ಹದಿನೇಳನೇ ಹೆಸರಿಗೆ ಬಂದಾಗ ನನ್ನ ಪೆನ್ನು ನಿಂತುಹೋಯಿತು. ಆ ಹುಡುಗಿ ಬೇಸಿಗೆ ರಜೆಯಲ್ಲಿ ತೀರಿಕೊಂಡಿದ್ದಳು. ತಾನಾಗಿಯೇ ಜೀವ ಕಳೆದುಕೊಂಡಿದ್ದಳು.

ಗುಮಾಸ್ತರನ್ನು ಕೇಳಿದೆ. ಅವರು ಕನ್ನಡಕ ಮೇಲಕ್ಕೆತ್ತಿ, "ಬಿಟ್ಟು ಮುಂದಿನ ಹೆಸರು ಬರೀರಿ ಮಿಸ್. ಹಳೇ ಪುಸ್ತಕದಲ್ಲಿ ಕೆಂಪು ಶಾಯೀಲಿ ಒಂದು ಗೆರೆ ಎಳೆದುಬಿಡಿ" ಎಂದರು. ಅವರದೇನೂ ತಪ್ಪಿಲ್ಲ. ಊರು ಬಿಟ್ಟು ಹೋದವರಿಗೂ ಅದೇ ಕೆಂಪು ಗೆರೆ, ಸತ್ತವರಿಗೂ ಅದೇ. ನಾನು ಗೆರೆ ಎಳೆದೆ. ಹದಿನೆಂಟನೆಯವಳು ಹದಿನೇಳನೆಯವಳಾದಳು.

ವಿಜಯನಗರದ ಆ ಅನುದಾನಿತ ಹೈಸ್ಕೂಲಿನಲ್ಲಿ ನಾನು ಆಗ ವಿಜ್ಞಾನ ಪಾಠ ಮಾಡುತ್ತಿದ್ದೆ. ಎಂಬತ್ತರ ದಶಕದ ನಡುವಿನ ಮಾತು. ವಿಜಯನಗರ ಅಂದರೆ ಅರ್ಧ ಮನೆ, ಅರ್ಧ ಖಾಲಿ ಸೈಟು. ನಮ್ಮ ಮಹಡಿಯ ಲ್ಯಾಬಿನ ಕಿಟಕಿ ತೆಗೆದರೆ ನಾಗರಬಾವಿ ಕಡೆಗೆ ರಾಗಿ ಹೊಲ ಕಾಣುತ್ತಿತ್ತು. ಆಷಾಢದ ಗಾಳಿಗೆ ಪಾಠದ ಚಾರ್ಟುಗಳು ಗೋಡೆ ಬಿಟ್ಟು ಹಾರುತ್ತಿದ್ದವು. ಬೆಳಿಗ್ಗೆ ಮಿಲ್ಲಿನ ಸೈರನ್ ಕೇಳಿಸಿದರೆ ಮಕ್ಕಳ ಅಪ್ಪಂದಿರು ಪಾಳಿಗೆ ಹೊರಟರು ಅಂತ ಅರ್ಥ. ಶನಿವಾರ ಬೆಳಗಿನ ಶಾಲೆ. ಹನ್ನೊಂದೂವರೆಗೆ ಗಂಟೆ ಹೊಡೆದರೆ ಬೀದಿ ತುಂಬ ನೀಲಿ ಲಂಗ, ಬಿಳಿ ದಾವಣಿ. ಆ ಬೀದಿ ಈಗಲೂ ಇದೆ. ಆದರೆ ಈಗ ದಾಟಬೇಕಾದರೆ ಹತ್ತು ನಿಮಿಷ ಕಾಯಬೇಕು.

ಸ್ಟಾಫ್ ರೂಮಿನಲ್ಲಿ ಆ ಹುಡುಗಿಯ ವಿಷಯ ಯಾರೂ ಎತ್ತಲಿಲ್ಲ. ಎತ್ತಿದ್ದು ಒಂದೇ ಸಲ. "ಫೇಲಾಗಿದ್ರೆ ಹೋಗ್ಲಿ ಅನ್ನಬಹುದಿತ್ತು. ಪಾಸಾಗಿದ್ಲಲ್ಲ" ಎಂದು ಗಣಿತದ ಮೇಷ್ಟ್ರು ತಮ್ಮಷ್ಟಕ್ಕೇ ಹೇಳಿಕೊಂಡರು. ಮತ್ತೆ ಎಲ್ಲರೂ ಟೈಮ್‌ಟೇಬಲ್ ನೋಡತೊಡಗಿದರು.

ನನ್ನ ಎದೆಯಲ್ಲಿ ಒಂದು ವಿಷಯ ಕೂತಿತ್ತು. ಏಪ್ರಿಲ್‌ನಲ್ಲಿ ಕೊನೆಯ ದಿನ ಅವಳು ಲ್ಯಾಬಿಗೆ ಬಂದು ತನ್ನ ರೆಕಾರ್ಡ್ ಪುಸ್ತಕವನ್ನು ಮೇಜಿನ ಮೇಲಿಟ್ಟು, "ಮಿಸ್, ಇದು ನಿಮ್ಮ ಹತ್ರಾನೇ ಇರ್ಲಿ" ಅಂದಿದ್ದಳು. ಚಿತ್ರಗಳು ಚೆನ್ನಾಗಿದ್ದವು. ಮುಂದಿನ ವರ್ಷದವರಿಗೆ ತೋರಿಸಲು ಕೊಟ್ಟಳು ಅಂದುಕೊಂಡು, "ಜಾಣೆ" ಎಂದು ಬೆನ್ನು ತಟ್ಟಿ ಕಳಿಸಿದ್ದೆ.

ಒಂದು ಸಂಜೆ ಲ್ಯಾಬು ಗುಡಿಸಲು ಬಂದ ಆಯಾ ಆ ಪುಸ್ತಕ ನೋಡಿದರು. ಅವರು ಶ್ರೀಗಂಧದ ಕಾವಲ್ ಕಡೆಯಿಂದ ಮಾಗಡಿ ರಸ್ತೆಯವರೆಗೆ ನಡೆದು, ಅಲ್ಲಿಂದ ಬಸ್ಸು ಹಿಡಿದು ಬರುತ್ತಿದ್ದ ಐವತ್ತು ದಾಟಿದ ಹೆಂಗಸು. ಶಾಲೆಯ ಬೀಗ ತೆಗೆಯುವವರೂ ಅವರೇ, ಗಂಟೆ ಹೊಡೆಯುವವರೂ ಅವರೇ. ಕಸಬರಿಕೆ ಗೋಡೆಗೆ ಒರಗಿಸಿ, "ಆ ಮಗೀದಾ ಮಿಸ್?" ಎಂದರು. "ಪರೀಕ್ಷೆ ಟೈಮ್ನಾಗೆ ನಲ್ಲಿ ತಾವ ನಿಂತ್ಕಂಡು ಮುಖ ತೊಳೀತಾನೇ ಇರೋದು. ಒಂದಿನ ಅಲ್ಲ, ಬೋ ದಿನ. ಅತ್ತಿದ್ದು ಕಾಣಬಾರ್ದು ಅಂತ ತೊಳೆಯೋದು ಅದು."

"ನೀವು ಯಾರಿಗಾದ್ರೂ ಹೇಳಿದ್ರಾ ಆಯಾ?"

"ನಾನು ಹೇಳಿದ್ರೆ ಯಾರು ಕೇಳ್ತಾರೆ ಮಿಸ್. ಕ್ಲಾಸ್ ಮಿಸ್ಸು ನೀವು, ನಿಮ್ಗೆ ಗೊತ್ತಿರ್ತದೆ ಅಂದ್ಕಂಡೆ."

ಮರುದಿನ ಆಟದ ಮೇಷ್ಟ್ರನ್ನು ಕೇಳಿದೆ. ಅವಳು ಜನವರಿಯಿಂದಲೇ ಥ್ರೋಬಾಲ್ ಬಿಟ್ಟಿದ್ದಳಂತೆ. ಮನೆಯಲ್ಲಿ ಬೇಡ ಅಂದಿರಬೇಕು ಎಂದು ಅವರು ಸುಮ್ಮನಾಗಿದ್ದರು. ಹೀಗೆ ಮೂರು ಜನರ ಕೈಯಲ್ಲಿ ಮೂರು ಚೂರುಗಳಿದ್ದವು. ಒಬ್ಬರದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಒಟ್ಟಿಗೆ ಇಟ್ಟಿದ್ದರೆ ಏನಾಗುತ್ತಿತ್ತೋ ಹೇಳಲಾರೆ. ಆದರೆ ಇಡಲಿಲ್ಲ ಅನ್ನುವುದನ್ನು ಮಾತ್ರ ಹೇಳಬಲ್ಲೆ.

ಊರಿನ ಆ ತುದಿಯಲ್ಲಿ ಮಾನಸಿಕ ಚಿಕಿತ್ಸೆಯ ಆಸ್ಪತ್ರೆಯೊಂದಿತ್ತು. ಶಾಲಾ ಮಕ್ಕಳ ವಿಷಯಕ್ಕೆ ಅಲ್ಲೊಬ್ಬ ಸಮಾಜ ಕಾರ್ಯಕರ್ತೆ ಇದ್ದಾರೆ ಎಂದು ನನ್ನ ಪಕ್ಕದ ಮನೆಯ ನರ್ಸ್ ಹೇಳಿದರು. ಒಂದು ದಿನ ರಜೆ ಹಾಕಿ, ಮೆಜೆಸ್ಟಿಕ್ಕಿನಲ್ಲಿ ಬಸ್ಸು ಬದಲಿಸಿ ಹೋದೆ. ಹುಚ್ಚಾಸ್ಪತ್ರೆಗೆ ಹೋಗ್ತಿದ್ದೀನಿ ಅಂತ ಮನೆಯಲ್ಲಿ ಹೇಳುವ ಧೈರ್ಯವಿರಲಿಲ್ಲ. ಶಿಕ್ಷಣ ಇಲಾಖೆ ಆಫೀಸಿಗೆ ಎಂದು ಹೇಳಿದ್ದೆ.

ಆಕೆ ನನಗಿಂತ ಚಿಕ್ಕವರು. ಕೈಮಗ್ಗದ ಸೀರೆ, ಹೆಗಲಿಗೊಂದು ಬಟ್ಟೆ ಚೀಲ. ನಾನು ಎಲ್ಲ ಹೇಳಿ ಮುಗಿಸುವವರೆಗೂ ಕೇಳಿಸಿಕೊಂಡರು. ಕೊನೆಗೆ, "ನಿಮ್ಮ ತಪ್ಪಾ ಅಂತ ಕೇಳೋಕೆ ಬಂದ್ರಾ, ಮುಂದೇನು ಅಂತ ಕೇಳೋಕೆ ಬಂದ್ರಾ?" ಎಂದರು. ನನಗೆ ಅಳು ಬಂತು. ಅವರು ಒಂದು ಲೋಟ ನೀರು ಕೊಟ್ಟು ಕಾದರು.

"ಮುಂದೇನು ಅಂತ" ಎಂದೆ.

"ಹಾಗಾದ್ರೆ ನಾನು ಬರ್ತೀನಿ. ಡಾಕ್ಟರ್ ಆಗೋದು ಬೇಡ ಯಾರೂ. ಗುರುತಿಸೋದು, ಕೇಳೋದು, ಒಬ್ಬರನ್ನೇ ಬಿಡದೆ ಇರೋದು, ಸರಿಯಾದ ಕಡೆ ಕರ್ಕೊಂಡು ಹೋಗೋದು. ಇಷ್ಟೇ. ಆದ್ರೆ ಇಷ್ಟನ್ನೂ ಬಾಯಿಬಿಟ್ಟು ಅಭ್ಯಾಸ ಮಾಡ್ಬೇಕು."

ಮೊದಲ ಸಲ ನಾವು ಮಾಡಿದ್ದು ಇಷ್ಟಪಟ್ಟವರು ಬರಲಿ ಎಂಬ ಏರ್ಪಾಡು. ಜುಲೈ ತಿಂಗಳ ಒಂದು ಶನಿವಾರ, ಶಾಲೆ ಬಿಟ್ಟ ಮೇಲೆ, ಲ್ಯಾಬಿನಲ್ಲಿ. ನೋಟಿಸ್ ಬೋರ್ಡಿನಲ್ಲಿ ಚೀಟಿ ಅಂಟಿಸಿದೆ, ಇಪ್ಪತ್ತು ಜನಕ್ಕಾಗುವಷ್ಟು ಟೀ ಹೇಳಿದೆ. ಬಂದವರು ನಾಲ್ಕು ಜನ. ಕನ್ನಡದ ಪಂಡಿತರು, ಹೊಲಿಗೆ ಟೀಚರ್, ಆಟದ ಮೇಷ್ಟ್ರು, ನಾನು. ಮಕ್ಕಳು ತಮ್ಮಷ್ಟಕ್ಕೆ ತಾವೇ ಬಂದು ಕಷ್ಟ ಹೇಳಿಕೊಳ್ಳುತ್ತಿದ್ದದ್ದು ನಮ್ಮ ಈ ನಾಲ್ವರ ಹತ್ತಿರವೇ. ಗಣಿತದ ಮೇಷ್ಟ್ರು ಕಿಟಕಿಯ ಕೆಳಗೆ ಸೈಕಲ್ ಹತ್ತಿ ಹೋಗುವುದು ಕಾಣಿಸಿತು. ಮಕ್ಕಳು ಅತಿ ಹೆಚ್ಚು ಹೆದರುತ್ತಿದ್ದದ್ದು ಅವರಿಗೆ.

ಟೀ ಆರಿಹೋಯಿತು. ಸಮಾಜ ಕಾರ್ಯಕರ್ತೆ ಬೇಜಾರು ಮಾಡಿಕೊಳ್ಳಲಿಲ್ಲ. ಹೊರಡುವಾಗ ಮೆಟ್ಟಿಲ ಮೇಲೆ ನಿಂತು, "ಬೆಳಿಗ್ಗೆ ಮಕ್ಕಳು ಮೊದಲು ನೋಡೋದು ಯಾರ ಮುಖ?" ಎಂದು ಕೇಳಿದರು.

"ಆಯಾದು" ಎಂದೆ.

"ಅವರನ್ನ ಕರೆದಿದ್ರಾ?"

ಕರೆದಿರಲಿಲ್ಲ. ನಾನು ಅಂಟಿಸಿದ ಚೀಟಿಯಲ್ಲಿ 'ಶಿಕ್ಷಕರು' ಎಂದಿತ್ತು. ಆಯಾಗೆ ಚೀಟಿ ಓದಲೂ ಬರುತ್ತಿರಲಿಲ್ಲ. ನಾವು ಒಳಗೆ ಮಾತಾಡುತ್ತಿದ್ದಾಗ ಅವರು ಹೊರಗೆ ಟೀ ಲೋಟ ತೊಳೆಯಲು ಕಾಯುತ್ತಾ ಕೂತಿದ್ದರು.

ಎಲ್ಲರೂ ಕೂರಬೇಕು, ಯಾರನ್ನೂ ಬಿಡುವಂತಿಲ್ಲ ಎಂಬುದು ಅವತ್ತು ನನಗೆ ಖಚಿತವಾಯಿತು. ಹೆಡ್‌ಮಾಸ್ಟರ ಹತ್ತಿರ ಹೋದೆ. ನಿವೃತ್ತಿಗೆ ಒಂದೂವರೆ ವರ್ಷ ಉಳಿದಿದ್ದ ಮನುಷ್ಯ. ಕರೀ ಕೋಟು, ಮಾತು ಕಡಿಮೆ. ನಾನು ಹೇಳಿದ್ದನ್ನೆಲ್ಲ ಕೇಳಿ, "ಕಮಿಟಿ ಮುಂದಿಡೋಣ" ಎಂದರು.

ಕಮಿಟಿ ಮೀಟಿಂಗಿಗೆ ನನ್ನನ್ನೂ ಕರೆದಿದ್ದರು. ಅಧ್ಯಕ್ಷರು ಶಾಲೆಗೆ ಜಾಗ ಕೊಟ್ಟ ಹಳೇ ಊರಿನ ಗೌಡರು. ಬಿಳಿ ಪಂಚೆ, ಗಟ್ಟಿ ದನಿ, ಒಳ್ಳೇ ಮನಸ್ಸು. ಇನ್ನೊಬ್ಬರು ವಕೀಲರು. ನಾನು ಎರಡು ಹಾಳೆ ಬರೆದುಕೊಂಡು ಹೋಗಿದ್ದೆ. ಮೊದಲ ಸಾಲಿನಲ್ಲೇ 'ಆತ್ಮಹತ್ಯೆ' ಎಂಬ ಪದ ಓದಿದ್ದೇ ತಡ, ಗೌಡರು ಕೈ ಎತ್ತಿದರು.

"ಬ್ಯಾಡಿ ತಾಯಿ. ಆ ಮಾತು ಶಾಲೆ ಒಳಗೆ ಬ್ಯಾಡಿ. ಇಲ್ದೇ ಇರೋ ಯೋಚ್ನೆ ಮಕ್ಕಳ ತಲೇಗೆ ನಾವೇ ಹಾಕ್ದಂಗಾಗ್ತದೆ."

"ಕೇಳೋದ್ರಿಂದ ಯೋಚನೆ ಬರಲ್ಲ ಅಂತ ಆಸ್ಪತ್ರೆಯವರು ಹೇಳ್ತಾರೆ ಸಾರ್. ಒಳಗೆ ಇದ್ರೆ ಹೊರಗೆ ಬರುತ್ತೆ, ಅಷ್ಟೇ."

ವಕೀಲರು ಗಂಟಲು ಸರಿಮಾಡಿಕೊಂಡರು. "ಪ್ರಯತ್ನಪಟ್ರೂ ಅದು ಅಪರಾಧ ಮಿಸ್, ಕಾನೂನಿದೆ. ನೀವು ಕೇಳಿ, ಹುಡುಗಿ ಹೌದು ಅಂದು, ಆಮೇಲೆ ಏನಾದ್ರೂ ಆದ್ರೆ? ಗೊತ್ತಿದ್ದೂ ಸುಮ್ನಿದ್ರು ಅಂತ ಶಾಲೆ ಮೇಲೆ ಬರುತ್ತೆ. ಗೊತ್ತಿಲ್ದೇ ಇರೋದೇ ಕ್ಷೇಮ."

"ಮೇ ತಿಂಗಳಲ್ಲಿ ನಮಗೆ ಗೊತ್ತಿರಲಿಲ್ಲ ಸಾರ್" ಎಂದೆ.

ಗೌಡರು ಮೆತ್ತಗೆ, "ನಿಮ್ಮ ಸಂಕಟ ತಿಳೀತದೆ ತಾಯಿ. ಆದ್ರೂ ಈಗ ಬ್ಯಾಡ" ಎಂದರು. ನಡಾವಳಿ ಪುಸ್ತಕದಲ್ಲಿ 'ವಿಷಯವನ್ನು ಮುಂದೂಡಲಾಗಿದೆ' ಎಂದು ಬರೆದುಕೊಂಡರು. ಶಾಲೆಗಳಲ್ಲಿ ಕೆಲಸ ಮಾಡಿದವರಿಗೆ ಆ ಸಾಲಿನ ಅರ್ಥ ಗೊತ್ತು.

ನಾನು ಕೆಳಗಿಳಿದು ಬಂದು ಅಂಗಳದಲ್ಲಿ ನಿಂತೆ. ಹೆಡ್‌ಮಾಸ್ಟರು ಹಿಂದೆಯೇ ಬಂದರು. ಕೋಟಿನ ಗುಂಡಿ ಹಾಕುತ್ತಾ, ಬಿಚ್ಚುತ್ತಾ ನನ್ನ ಪಕ್ಕ ನಿಂತರು. ಆಮೇಲೆ ಕೇಳಿದರು, "ಮಿಸ್, ತಿಂಗಳ ಸ್ಟಾಫ್ ಮೀಟಿಂಗ್‌ಗೆ ಯಾರಾದ್ರೂ ತಪ್ಪಿಸಿಕೊಂಡಿದ್ದು ನೆನಪಿದೆಯಾ ನಿಮಗೆ?"

"ಇಲ್ಲ ಸಾರ್. ಕಡ್ಡಾಯ ಅಲ್ವಾ."

"ಅದನ್ನ ಕರೆಯೋಕೆ ನನಗೆ ಕಮಿಟಿ ಅನುಮತಿ ಬೇಕಾ?"

"ಬೇಡ."

"ಮೀಟಿಂಗ್‌ನಲ್ಲಿ ಏನು ಮಾತಾಡ್ಬೇಕು ಅಂತ ತೀರ್ಮಾನ ಮಾಡೋದು ಯಾರು?"

ನಾನು ಅವರ ಮುಖ ನೋಡಿದೆ. ನಗುತ್ತಿರಲಿಲ್ಲ. "ನಾನು ಗೌಡರಿಗೆ ಹೇಳೇ ಮಾಡ್ತೀನಿ. ಕದ್ದು ಮಾಡೋ ಕೆಲಸ ಅಲ್ಲ ಇದು. ಬೈದ್ರೆ ಬೈಸಿಕೊಳ್ತೀನಿ. ಆ ಹುಡುಗಿ ಟಿ.ಸಿ. ಕೇಳೋಕೆ ಅವರಪ್ಪ ಬಂದಿದ್ರು, ಗೊತ್ತಾ? ಸತ್ತ ಮಗಳ ಟಿ.ಸಿ. ಯಾಕೆ ಸಾರ್ ಅಂತ ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ. ಸಹಿ ಮಾಡಿಕೊಟ್ಟೆ."

ಮರುದಿನ ಮೆಮೊ ಪುಸ್ತಕ ಹೊರಟಿತು. ಆಗ ಸುತ್ತೋಲೆ ಅಂದರೆ ಒಂದು ಉದ್ದನೆಯ ರಟ್ಟಿನ ಪುಸ್ತಕ. ಆಯಾ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಕ್ಲಾಸಿಂದ ಕ್ಲಾಸಿಗೆ ತರುತ್ತಿದ್ದರು, ಓದಿ ಸಹಿ ಹಾಕಬೇಕು. ಹೆಡ್‌ಮಾಸ್ಟರು ತಮ್ಮ ಮುತ್ತಿನಂಥ ಅಕ್ಷರದಲ್ಲಿ ಬರೆದಿದ್ದರು: ಮುಂದಿನ ನಾಲ್ಕು ಶನಿವಾರ ಸಿಬ್ಬಂದಿ ಸಭೆ. ವಿಷಯ, ವಿದ್ಯಾರ್ಥಿಗಳ ಆತ್ಮಹತ್ಯೆ ತಡೆಯುವ ತರಬೇತಿ. ಶಿಕ್ಷಕರು, ಗುಮಾಸ್ತರು, ಜವಾನ, ಆಯಾ, ಎಲ್ಲರ ಹಾಜರಿ ಕಡ್ಡಾಯ. 'ಕಡ್ಡಾಯ' ಎಂಬುದರ ಕೆಳಗೆ ಗೆರೆ. ಮೊದಲ ಸಹಿ ಅವರದೇ.

ಗಣಿತದ ಮೇಷ್ಟ್ರು ಸಹಿಯ ಪಕ್ಕದಲ್ಲಿ 'ಓದಿದ್ದೇನೆ, ಒಪ್ಪಿಲ್ಲ' ಎಂದು ಬರೆದರು. ಸ್ಟಾಫ್ ರೂಮಿಗೆ ಬಂದು ನನ್ನ ಮುಂದೆಯೇ ಕೂತರು. "ಮಿಸ್, ನಾನು ಇಪ್ಪತ್ತಾರು ವರ್ಷದಿಂದ ಪಾಠ ಮಾಡ್ತಿದ್ದೀನಿ. ಗದರಿಸದೆ ಲೆಕ್ಕ ಬರಲ್ಲ. ಈಗ ನಾನು ಪ್ರತಿ ಮಗೂನೂ ಅಪ್ಪಿ ಮುದ್ದಾಡಬೇಕಾ?"

"ಸಾರ್, ಯಾರೂ ಮುದ್ದಾಡಿ ಅಂದಿಲ್ಲ."

"ಮತ್ತೆ ಆಯಾನ ಪಕ್ಕದಲ್ಲಿ ಕೂತು ನಾನು ಏನು ಕಲೀಲಿ?"

ಆಯಾ ಬಾಗಿಲಲ್ಲೇ ಮೆಮೊ ಪುಸ್ತಕಕ್ಕೆ ಕಾಯುತ್ತಾ ನಿಂತಿದ್ದರು. ಪುಸ್ತಕ ತಗೊಂಡು ಹೋದರು. ಗುಮಾಸ್ತರು ಇಂಕ್ ಪ್ಯಾಡ್ ಚಾಚಿದಾಗ, ಎಲ್ಲರ ಸಹಿಯ ಕೆಳಗೆ ಹೆಬ್ಬೆಟ್ಟು ಒತ್ತಿದರು.

ಆ ನಾಲ್ಕು ವಾರ ನನಗೆ ಉಸಿರಾಡಲು ಬಿಡುವಿರಲಿಲ್ಲ. ಸಮಾಜ ಕಾರ್ಯಕರ್ತೆ ಕೊಟ್ಟ ಟಿಪ್ಪಣಿಯನ್ನು ಸುಲಭ ಕನ್ನಡಕ್ಕೆ ತಂದು, ಸ್ಟೆನ್ಸಿಲ್ ಹಾಳೆಯ ಮೇಲೆ ಕಡ್ಡಿಯಿಂದ ಗೀರಿ, ಗುಮಾಸ್ತರ ಕೋಣೆಯ ಸೈಕ್ಲೋಸ್ಟೈಲ್ ಯಂತ್ರದಲ್ಲಿ ರೋಲರ್ ತಿರುಗಿಸಿ ಪ್ರತಿ ತೆಗೆಯುತ್ತಿದ್ದೆ. ಉಗುರಿನ ಸಂದಿಯ ಕರೀ ಮಸಿ ಭಾನುವಾರ ಎಣ್ಣೆ ಹಚ್ಚಿಕೊಂಡರೂ ಹೋಗುತ್ತಿರಲಿಲ್ಲ. ಆ ಮಸಿಯ ವಾಸನೆ ನೆನೆಸಿಕೊಂಡರೆ ಈಗಲೂ ಖುಷಿಯಾಗುತ್ತದೆ. ಓದಲು ಬಾರದವರಿಗಾಗಿ ನಾಲ್ಕೇ ಮಾತು ಮಾಡಿಕೊಂಡೆವು. ನೋಡು. ಕೇಳು. ಜೊತೆಗಿರು. ಒಪ್ಪಿಸು.

ನೋಡು ಅಂದರೆ ಬದಲಾವಣೆ ನೋಡು. ಆಡುತ್ತಿದ್ದವಳು ಆಟ ಬಿಟ್ಟಳಾ, ಇಷ್ಟದ ವಸ್ತುಗಳನ್ನು ಹಂಚುತ್ತಿದ್ದಾಳಾ, ವಿದಾಯ ಹೇಳುವವರ ಹಾಗೆ ಮಾತಾಡುತ್ತಿದ್ದಾಳಾ. ಕಂಡದ್ದು ಎಷ್ಟೇ ಚಿಕ್ಕದಿರಲಿ, ಅವತ್ತೇ ಹೆಡ್‌ಮಾಸ್ಟರಿಗೆ ಇಲ್ಲವೇ ನನಗೆ ಹೇಳಬೇಕು. ಕೇಳು ಅಂದರೆ ಸಾಯುವ ಯೋಚನೆ ಇದೆಯಾ ಎಂದು ಸುತ್ತಿ ಬಳಸದೆ ಕೇಳು. ಜೊತೆಗಿರು ಅಂದರೆ ಮನೆಯವರ ಕೈಗೆ ಒಪ್ಪಿಸುವ ತನಕ ಒಂದು ನಿಮಿಷವೂ ಒಬ್ಬಳನ್ನೇ ಬಿಡಬೇಡ. ಒಪ್ಪಿಸು ಅಂದರೆ ಮನೆಯವರಿಗೆ ಹೇಳಿ, ಅವರ ಜೊತೆ ಆಸ್ಪತ್ರೆಗೆ ಹೋಗು. ಬರೀ ವಿಳಾಸ ಬರೆದುಕೊಟ್ಟು ಕೈ ತೊಳೆದುಕೊಳ್ಳಬೇಡ.

ಮೂರನೇ ಶನಿವಾರ ಅಭ್ಯಾಸ. ಚೀಟಿ ಎತ್ತಿ ಜೋಡಿ ಮಾಡಿದರು. ಒಬ್ಬರು ಮಗು, ಒಬ್ಬರು ದೊಡ್ಡವರು. ದೊಡ್ಡವರು ಆ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಲೇಬೇಕು. ಚೀಟಿ ತೆಗೆದರೆ ಗಣಿತದ ಮೇಷ್ಟ್ರಿಗೆ ಜೋಡಿಯಾಗಿ ಬಂದದ್ದು ಆಯಾ. ಮೇಷ್ಟ್ರು ಎದ್ದು ನಿಂತರು. ಹೊರಟುಹೋಗುತ್ತಾರೆ ಅಂದುಕೊಂಡೆ. ಹೋಗಲಿಲ್ಲ. ಸ್ಟೂಲು ಎಳೆದುಕೊಂಡು ಬಂದು ಆಯಾನ ಎದುರು ಕೂತು, ಪಂಚೆ ಸರಿಮಾಡಿಕೊಂಡು, "ಏನಾಯ್ತು ಹೇಳು" ಎಂದರು, ಬೋರ್ಡಿಗೆ ಕರೆದ ಹುಡುಗಿಯನ್ನು ಕೇಳುವ ಹಾಗೆ.

ಮಗುವಿನ ಪಾತ್ರದಲ್ಲಿದ್ದ ಆಯಾ ತಲೆ ತಗ್ಗಿಸಿ, "ಏನಿಲ್ಲ ಸಾ" ಎಂದರು. ಥೇಟ್ ನಮ್ಮ ಮಕ್ಕಳ ಹಾಗೆಯೇ.

ಮೇಷ್ಟ್ರು ಮೂರು ಸಲ ಬಾಯಿ ತೆರೆದು ಮುಚ್ಚಿದರು. ಕೊನೆಗೆ ಸಮಾಜ ಕಾರ್ಯಕರ್ತೆಯ ಕಡೆ ತಿರುಗಿ, "ನನ್ನ ನಾಲಿಗೆ ಹೊರಳ್ತಾ ಇಲ್ಲ ಮೇಡಂ" ಎಂದರು. ಯಾರೂ ನಗಲಿಲ್ಲ. "ನನಗೂ ಮೊದಲ ಸಲ ಹೊರಳಿರಲಿಲ್ಲ ಸಾರ್. ಇನ್ನೊಂದ್ಸಲ ನೋಡಿ" ಎಂದರು ಆಕೆ. ಐದನೇ ಸಲಕ್ಕೆ ಬಂತು, ಮೆಲ್ಲಗೆ. ಆಮೇಲೆ ಪಾತ್ರ ಬದಲಾಯಿಸಿದರು. ಆಯಾ ಒಂದೇ ಸಲಕ್ಕೆ ಕೇಳಿದರು, ನೀರು ಬೇಕಾ ಎಂದು ಕೇಳುವಷ್ಟು ಸಹಜವಾಗಿ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಅವತ್ತು ಸಭೆ ಮುಗಿದಾಗ ಅವರು ಆಯಾಗೆ, "ಹೊತ್ತಾಯ್ತು, ನಿಮ್ಮ ಬಸ್ಸು ಹೋಗಿಬಿಡುತ್ತೆ ನೋಡಿ" ಎಂದರು. 'ನೀವು' ಎಂದದ್ದು ಅದೇ ಮೊದಲು. ಗಮನಿಸಿದವರೆಲ್ಲ ಗಮನಿಸದವರ ಹಾಗೆ ಇದ್ದೆವು.

ಗೌಡರು ಹೆಡ್‌ಮಾಸ್ಟರನ್ನು ಬೈದದ್ದೂ ನಿಜ. ಮನೆಗೆ ಕರೆಸಿ, ಕಾಫಿ ಕೊಟ್ಟು ಬೈದರಂತೆ. ಆದರೆ ನಿಲ್ಲಿಸಲಿಲ್ಲ.

ಒಂದು ವಿಷಯ ಮಾತ್ರ ನಾನು ಯಾರಿಗೂ ಹೇಳಿರಲಿಲ್ಲ. ಮೂರನೇ ಶನಿವಾರ ಜನ ಬೆಸ ಸಂಖ್ಯೆಯಾಗಿದ್ದರು. ಟೀ ನೋಡಿಕೊಳ್ಳಬೇಕು, ಹಾಳೆ ಹಂಚಬೇಕು ಎಂಬ ನೆಪದಲ್ಲಿ ನಾನು ಚೀಟಿ ಎತ್ತಲಿಲ್ಲ. ಎಲ್ಲರಿಗೂ ಕಡ್ಡಾಯ ಮಾಡಿಸಿದ ನಾನೇ ಆ ಪ್ರಶ್ನೆಯನ್ನು ಒಂದು ಸಲವೂ ಬಾಯಿಂದ ಆಡಿರಲಿಲ್ಲ.

ಜನವರಿಯಲ್ಲಿ ಹತ್ತನೇ ತರಗತಿಯ ಪ್ರಿಪರೇಟರಿ ಪರೀಕ್ಷೆ ನಡೆಯಿತು. ಮೂರನೇ ದಿನ ಮಧ್ಯಾಹ್ನ ಗಣಿತದ ಮೇಷ್ಟ್ರು ಉತ್ತರಪತ್ರಿಕೆಯೊಂದನ್ನು ಹಿಡಿದು ಲ್ಯಾಬಿಗೆ ಬಂದರು. ಸ್ಟಾಫ್ ರೂಮಿನಲ್ಲಿ ಹೇಳದೆ ಮೆಟ್ಟಿಲು ಹತ್ತಿ ಬಂದಿದ್ದರು.

"ಉಲ್ಲಾಳದಿಂದ ಬರ್ತಾಳಲ್ಲ, ಆ ಹುಡುಗಿ. ಎಪ್ಪತ್ತಕ್ಕೆ ಕಮ್ಮಿ ತೆಗೆದಿದ್ದೇ ಇಲ್ಲ. ನೋಡಿ." ಪತ್ರಿಕೆಯಲ್ಲಿ ಹೆಸರು, ನಂಬರು ಬಿಟ್ಟರೆ ಏನೂ ಇರಲಿಲ್ಲ. "ಕರೆದು ಬೈಯೋಣ ಅಂತ ಹೋದೆ. ಅವಳೇ ಮುಂದೆ ಬಂದು, 'ಸಾರ್, ನೀವು ಚೆನ್ನಾಗಿ ಹೇಳ್ಕೊಟ್ರಿ, ಥ್ಯಾಂಕ್ಸ್ ಸಾರ್' ಅಂದ್ಲು. ನಂಗೆ ಈ ಶಾಲೇಲಿ ಯಾರೂ ಥ್ಯಾಂಕ್ಸ್ ಹೇಳಲ್ಲ ಮಿಸ್."

ನಾವು ಕೆಳಗೆ ಹೋಗಿ ಆಯಾನ ಕೇಳಿದೆವು. "ನಿನ್ನೆ ಸಂಜೀಕೆ ಹೇಳಾಣ ಅಂತ ಬಂದೆ ಮಿಸ್, ನೀವು ಹೊರಟೋಗಿದ್ರಿ. ಹೆಡ್‌ಮಾಷ್ಟ್ರಿಗೆ ಹೇಳಿವ್ನಿ. ಅದು ತನ್ನ ಬಳೆ, ರಿಬ್ಬನ್ನು ಎಲ್ಲಾ ಚಿಕ್ಕ ಕ್ಲಾಸಿನ ಮಕ್ಳಿಗೆ ಹಂಚ್‌ಬುಟ್ಟೈತೆ" ಎಂದರು. ಹೆಡ್‌ಮಾಸ್ಟರು ಅವತ್ತು ಬೆಳಿಗ್ಗೆಯೇ ಅವಳ ತಾಯಿಗೆ ಹೇಳಿಕಳಿಸಿದ್ದರು. ಉಲ್ಲಾಳಕ್ಕೆ ಬಸ್ಸು ಕಡಿಮೆ, ಬರುವುದು ತಡವಾಗುತ್ತಿತ್ತು.

ಹುಡುಗಿಯನ್ನು ಲ್ಯಾಬಿಗೆ ಕರೆದೆ. ಬಂದಳು. ಶಾಂತವಾಗಿದ್ದಳು, ಅಷ್ಟು ಶಾಂತವಾಗಿದ್ದದ್ದೇ ನನಗೆ ಭಯ ಹುಟ್ಟಿಸಿತು. ಸ್ಟೂಲಿನ ಮೇಲೆ ಕೂರಿಸಿದೆ. ಟಿಪ್ಪಣಿಯ ಪ್ರತಿ ಸಾಲೂ ನನಗೆ ಬಾಯಿಪಾಠ. ಸ್ಟೆನ್ಸಿಲ್ ಗೀರಿದ ಕೈ ನನ್ನದೇ.

"ಯಾಕಮ್ಮ, ಪರೀಕ್ಷೆ ಬರೀಲಿಲ್ವಂತೆ?"

"ಹುಷಾರಿರಲಿಲ್ಲ ಮಿಸ್."

"ಮನೇಲಿ ಏನಾದ್ರೂ ಬೇಜಾರಾ?"

"ಏನಿಲ್ಲ ಮಿಸ್."

ಕೇಳಬೇಕು ಅನ್ನುವುದು ಗೊತ್ತು, ಹೇಗೆ ಅನ್ನುವುದೂ ಗೊತ್ತು. ಆದರೆ ನನ್ನ ಬಾಯಿಂದ ಬಂದದ್ದು, "ಧೈರ್ಯವಾಗಿರ್ಬೇಕಮ್ಮ. ಇನ್ನೇನು ಪಬ್ಲಿಕ್ ಪರೀಕ್ಷೆ ಬಂತು. ಚೆನ್ನಾಗಿ ಓದ್ಕೋ." ಇಷ್ಟೇ. ಯಾವ ಟೀಚರ್ ಬೇಕಾದರೂ ಯಾವತ್ತು ಬೇಕಾದರೂ ಹೇಳುವ ಮಾತು. ಅವಳು "ಸರಿ ಮಿಸ್" ಎಂದು ಎದ್ದು ನಿಂತಳು.

ಆಯಾ ಬಾಗಿಲ ಹತ್ತಿರ ಬಕೆಟ್ಟು ಹಿಡಿದು ನಿಂತಿದ್ದರು. ಜೊತೆಗಿರು ಅಂದದ್ದನ್ನು ಅವರು ಅಕ್ಷರಶಃ ಪಾಲಿಸುತ್ತಿದ್ದರು. ಬಕೆಟ್ಟು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಬಂದರು. ಹುಡುಗಿಯ ಎರಡೂ ಕೈ ಹಿಡಿದರು.

"ಕೂತ್ಕಳವ್ವ. ಒಂದು ಮಾತು ಕೇಳ್ತೀನಿ, ಬೇಜಾರ್ ಮಾಡ್ಕಬ್ಯಾಡ. ಸತ್ತೋಗ್ಬೇಕು ಅನ್ನಿಸ್ತೈತಾ ನಿಂಗೆ?"

ಹುಡುಗಿ ಆಯಾನ ಮುಖವನ್ನೇ ನೋಡಿದಳು. ಆಮೇಲೆ ತಲೆ ಆಡಿಸಿದಳು. ಹೌದು ಎಂದು.

"ಯಾವಾಗಿಂದವ್ವ?"

ಅವಳು ಅಳತೊಡಗಿದಳು. ಆಯಾ ಅವಳ ತಲೆಯನ್ನು ತಮ್ಮ ಹೊಟ್ಟೆಗೆ ಒತ್ತಿಕೊಂಡು, "ಅಳು, ಅಳು. ನಾನಿವ್ನಿ. ಎಲ್ಲೂ ಹೋಗಾಕಿಲ್ಲ" ಎನ್ನುತ್ತಾ ನಿಂತರು. ನಾನು ಲ್ಯಾಬಿನ ಬಾಗಿಲು ಮುಂದಕ್ಕೆ ಮಾಡಿ, ಪಕ್ಕದಲ್ಲಿ ಕೂತೆ. ಆ ಮಧ್ಯಾಹ್ನ ಅವಳು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ, ಅದು ಅವಳದು. ಕಾರಣ ಒಂದಾಗಿರಲಿಲ್ಲ ಎಂದಷ್ಟೇ ಹೇಳಬಹುದು. ಹೊರಗಿನವರಿಗೆ ದೊಡ್ಡದೆನಿಸುವ ಕಾರಣವೂ ಅದರಲ್ಲಿ ಇರಲಿಲ್ಲ.

ಸಂಜೆ ಐದರ ಹೊತ್ತಿಗೆ ತಾಯಿ ಬಂದರು, ಹೊಲದಿಂದ ಹಾಗೆಯೇ ಎದ್ದು ಬಂದವರು. ಅಲ್ಲಿಯವರೆಗೆ ಶಾಲೆಯಲ್ಲಿ ಒಬ್ಬರೂ ಮನೆಗೆ ಹೋಗಿರಲಿಲ್ಲ. ಗಣಿತದ ಮೇಷ್ಟ್ರು ಗೇಟಿನ ಹತ್ತಿರ ಸೈಕಲ್ ಹಿಡಿದು ನಿಂತೇ ಇದ್ದರು. ಹೆಡ್‌ಮಾಸ್ಟರು ತಾಯಿಯನ್ನು ಕೂರಿಸಿ, ತಾವೇ ನೀರು ಕೊಟ್ಟು, ನಿಧಾನವಾಗಿ ಹೇಳಿದರು. ಆಕೆ ಮೊದಲು ಕೇಳಿದ್ದು, "ಪೊಲೀಸ್ನೋರು ಬತ್ತಾರಾ ಸಾಮಿ?"

"ಯಾರೂ ಬರಲ್ಲಮ್ಮ. ಹುಡುಗಿಗೆ ಜ್ವರ ಬಂದ್ರೆ ಏನು ಮಾಡ್ತೀರಿ? ಆಸ್ಪತ್ರೆಗೆ ತೋರಿಸ್ತೀರಿ ತಾನೇ. ಇದೂ ಹಾಗೇ. ನಾವೂ ಬರ್ತೀವಿ."

ಟೆಲಿಫೋನಿನ ಡಯಲ್ಲಿಗೆ ಹಾಕಿದ್ದ ಪುಟ್ಟ ಬೀಗ ತೆಗೆಸಿ ಆಸ್ಪತ್ರೆಗೆ ಫೋನ್ ಮಾಡಿದೆವು. ಸಮಾಜ ಕಾರ್ಯಕರ್ತೆ ಹೊರಟಿದ್ದವರು ಕಾದು ನಿಂತರು. ಆಟೋದಲ್ಲಿ ಹಿಂದೆ ತಾಯಿ, ಮಗಳು, ಆಯಾ. ನಾನೂ ಹೆಡ್‌ಮಾಸ್ಟರೂ ಇನ್ನೊಂದು ಆಟೋದಲ್ಲಿ. ದಾರಿಯುದ್ದಕ್ಕೂ ಅವರು ಒಂದೇ ಮಾತಾಡಿದ್ದು. "ತರಬೇತಿಗೆ ಆಯಾನೂ ಕರೀಬೇಕು ಅಂತ ನಿಮಗೆ ಹೊಳೆದಿದ್ದು ದೊಡ್ಡದು ಮಿಸ್." ನನಗೆ ಹೊಳೆದದ್ದಲ್ಲ ಎಂದು ಹೇಳಿದೆ. ಇನ್ನೂ ಒಂದು ಹೇಳಬೇಕಿತ್ತು. ಹೇಳಲಿಲ್ಲ.

ಹುಡುಗಿ ಕೆಲವು ತಿಂಗಳು ಆ ಆಸ್ಪತ್ರೆಗೆ ಹೋಗಿ ಬಂದಳು. ಆ ವರ್ಷ ಪರೀಕ್ಷೆ ಬರೆಯುವುದು ಬೇಡ ಎಂದು ತಾಯಿಯೇ ತೀರ್ಮಾನಿಸಿದರು, ಮುಂದಿನ ವರ್ಷ ಬರೆದಳು. ಗಣಿತದ ಮೇಷ್ಟ್ರು ಪ್ರತಿ ಗುರುವಾರ ಶಾಲೆ ಮುಗಿದ ಮೇಲೆ ಅವಳಿಗೆ ಲೆಕ್ಕ ಹೇಳಿಕೊಟ್ಟರು. ಗದರಿಸುವುದನ್ನೇನೂ ಪೂರ್ತಿ ಬಿಡಲಿಲ್ಲ. ಆದರೆ ಗದರಿಸಿದ ಮೇಲೆ ಮಗು ತನ್ನ ಜಾಗಕ್ಕೆ ಹೋಗಿ ಕೂರುವವರೆಗೂ ನೋಡುತ್ತಿದ್ದರು.

ಏಪ್ರಿಲ್‌ನ ಕಮಿಟಿ ಮೀಟಿಂಗಿಗೆ ನನ್ನನ್ನು ಕರೆದಿರಲಿಲ್ಲ. ಹೆಡ್‌ಮಾಸ್ಟರು ಬಂದು ಹೇಳಿದರು. ಗೌಡರೇ ವಿಷಯ ತೆಗೆದರಂತೆ. "ಉಲ್ಲಾಳದ ಆ ಹುಡುಗಿ ನಮ್ಮ ನೆಂಟರ ಪೈಕಿ" ಎಂದರಂತೆ, ಮತ್ತೇನೂ ವಿವರಿಸಲಿಲ್ಲವಂತೆ. ಕಮಿಟಿ ಮಾಡಿದ ತೀರ್ಮಾನ ಇಷ್ಟು: ಇನ್ನು ಮುಂದೆ ಶಾಲೆಗೆ ಯಾರೇ ಹೊಸದಾಗಿ ಸೇರಲಿ, ಯಾವ ಕೆಲಸಕ್ಕೇ ಆಗಲಿ, ಮೊದಲ ಆರು ತಿಂಗಳಲ್ಲಿ ತರಬೇತಿ ಮುಗಿಸಬೇಕು. ಹಳಬರು ವರ್ಷಕ್ಕೊಮ್ಮೆ ಕೂರಬೇಕು. ವಕೀಲರು ಕರಡು ಬರೆದುಕೊಟ್ಟರು. ಅದರಲ್ಲಿ 'ಆತ್ಮಹತ್ಯೆ' ಎಂಬ ಆ ಪದ ಇದ್ದ ಹಾಗೆಯೇ ಇತ್ತು.

ಜೂನ್ ಕೊನೆಯ ಶನಿವಾರ ಮತ್ತೆ ಲ್ಯಾಬಿನಲ್ಲಿ ಕೂತೆವು. ಹೊಸದಾಗಿ ಸೇರಿದ್ದ ಇಬ್ಬರು ಟೀಚರ್‌ಗಳು ಹಾಳೆ ಹಿಡಿದು ಸಂಕೋಚದಿಂದ ಕೂತಿದ್ದರು. ಟೀ ಜವಾಬ್ದಾರಿಯನ್ನು ಗುಮಾಸ್ತರಿಗೆ ವಹಿಸಿ, ಎಲ್ಲರ ಜೊತೆ ನಾನೂ ಚೀಟಿ ಎತ್ತಲು ಹೋದೆ. ಎತ್ತುವ ಮೊದಲೇ ನಿಂತು ಹೇಳಿಬಿಟ್ಟೆ. ಹೋದ ವರ್ಷ ನಾನು ಅಭ್ಯಾಸ ಮಾಡಲಿಲ್ಲ, ಜನವರಿಯಲ್ಲಿ ನನ್ನ ಕೈಲಿ ಕೇಳೋಕೆ ಆಗಲಿಲ್ಲ, ಕೇಳಿದ್ದು ಆಯಾ ಎಂದು. ಗಣಿತದ ಮೇಷ್ಟ್ರು ತಮ್ಮ ಸ್ಟೂಲನ್ನು ನನ್ನ ಕಡೆ ತಳ್ಳಿದರು.

ಸಮಾಜ ಕಾರ್ಯಕರ್ತೆ ಚೀಟಿ ಡಬ್ಬ ಬದಿಗಿಟ್ಟು ಆಯಾನ ಕರೆದರು. ಆಯಾ ಬಂದು ನನ್ನೆದುರು ಕೂತರು. ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ. ನಾನು ಉಸಿರೆಳೆದುಕೊಂಡು ಆ ಪ್ರಶ್ನೆ ಕೇಳಿದೆ. ಅರ್ಧದಲ್ಲಿ ದನಿ ನಿಂತುಹೋಯಿತು.

"ಇನ್ನೊಂದ್ಸಲ ಕೇಳಿ ಮಿಸ್" ಎಂದರು ಆಯಾ. "ನೆಲ ನೋಡ್ಬ್ಯಾಡಿ. ನನ್ನ ನೋಡ್ಕಂಡು ಕೇಳಿ."